ಏಳನೆಯ ಸಾಲು, ಆರನೆಯ ಜಾಗ

ಜೂನ್ 11

ಅಣ್ಣ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ನಿನ್ನ ಲಾರಿ ಮೊನ್ನೆ ಬಂತು. ಒಂದು ಟೈಲೂ ಒಡೆದಿರಲಿಲ್ಲ. ಮೆರುಗು ನೋಡಿ ನಮ್ಮ ಮಕ್ಕಳು ಸವರಿದ್ದೇ ಸವರಿದ್ದು. ಲ್ಯಾಬಿನ ಹೊರಗೋಡೆಯ ಮೇಲೆ ಇಡೀ ಆವರ್ತ ಕೋಷ್ಟಕ ಕೂರಿಸಬೇಕು, ನೂರಹದಿನೆಂಟು ಮೂಲವಸ್ತುಗಳಿಗೂ ಒಂದೊಂದು ಟೈಲು ಬೇಕು ಅಂತ ವರ್ಷಗಟ್ಟಲೆ ಹೆಡ್‌ಮಾಸ್ಟರ ಬೆನ್ನು ಹತ್ತಿದ್ದು ಸಾರ್ಥಕ ಆಯಿತು ಅಂದುಕೊಂಡೆ. ಆ ಸಂತೋಷಕ್ಕೆ ಇವತ್ತು ಬೆಳಿಗ್ಗೆ ಕಲ್ಲು ಬಿತ್ತು.

ಮೇಸ್ತ್ರಿ ಟೈಲುಗಳನ್ನು ಬೋರಲು ಹಾಕಿಕೊಂಡು, ಬೆನ್ನಿನ ಮೇಲೆ ಹಸಿಮಣ್ಣಿನಲ್ಲೇ ಮೊಳೆಯಿಂದ ಗೀರಿದ್ದನ್ನು ಓದಿ ಜೋಡಿಸುತ್ತಿದ್ದ. ಯಾವ ಸಾಲು, ಯಾವ ಜಾಗ ಅಂತ ನಿಮ್ಮಲ್ಲಿ ಗೀರುತ್ತೀರಲ್ಲ, ಅದು ಅವನಿಗೆ ಬಹಳ ಹಿಡಿಸಿತು. ಗೀರಿದವರು ನಮ್ಮ ಅತ್ತೆಯೇ, ಅವರ ದಪ್ಪ ಅಕ್ಷರ ದೂರದಿಂದಲೇ ಗುರುತು ಸಿಗುತ್ತದೆ. ನಾನು ಪಾಠ ಮಾಡುತ್ತಿದ್ದೆ. ಎರಡು ಟೈಲು ಹಿಡಿದುಕೊಂಡು ಕ್ಲಾಸಿಗೇ ಬಂದ.

"ಟೀಚರ್, ಒಂದೇ ಜಾಗಕ್ಕೆ ಇಬ್ಬರು ಬಂದಿದಾರೆ. ಯಾರನ್ನ ಹೊರಗೆ ಹಾಕೋದು?"

ಎರಡರ ಬೆನ್ನ ಮೇಲೂ ಏಳನೆಯ ಸಾಲು, ಆರನೆಯ ಜಾಗ ಅಂತ ಇತ್ತು. ಒಂದು ನೂರ ಆರನೆಯ ಮೂಲವಸ್ತು. ಅದರ ಜಾಗ ಅದೇ, ಟಂಗ್‌ಸ್ಟನ್ನಿನ ಕೆಳಗೆ. ಇನ್ನೊಂದು ಯುರೇನಿಯಂ! ತೊಂಬತ್ತೆರಡನೆಯ ಯುರೇನಿಯಂ, ಟಂಗ್‌ಸ್ಟನ್ನಿನ ಕೆಳಗೆ, ಅದೂ ಟಂಗ್‌ಸ್ಟನ್ ಬಳಗದ ನೀಲಿ ಬಣ್ಣದಲ್ಲಿ! ಥೋರಿಯಮ್ಮಿಗೂ ಪ್ರೊಟಾಕ್ಟಿನಿಯಮ್ಮಿಗೂ ಅದೇ ಗತಿ. ಮಕ್ಕಳ ಮುಂದೆ ನನಗೆ ಮೈ ಉರಿದುಹೋಯಿತು.

ನಾನು ಬರೆದು ಕಳಿಸಿದ ಹಾಳೆಯಲ್ಲಿ ಏನಿತ್ತು? ಬಳಗಕ್ಕೊಂದು ಬಣ್ಣ. ನಡುವಿನ ಲೋಹಗಳಿಗೆ ನೀಲಿ. ಕೆಳಗಿನ ಕೊನೆಯ ಸಾಲಿನಲ್ಲಿರುವ ಆಕ್ಟಿನೈಡುಗಳಿಗೆ ಸಾಸಿವೆ ಹಳದಿ. ಯುರೇನಿಯಂ ಆಕ್ಟಿನೈಡ್, ಆ ಸಾಲಿನಲ್ಲಿ ನಾಲ್ಕನೆಯದು. ಇಷ್ಟು ಸ್ಪಷ್ಟವಾಗಿ ಬರೆದರೂ ನಿನ್ನ ಕಾರ್ಖಾನೆಯಲ್ಲಿ ಯಾವ ಮಹಾನುಭಾವ ತನ್ನ ಬುದ್ಧಿ ಖರ್ಚು ಮಾಡಿದ? ಅವನನ್ನು ಒಂದು ಕ್ಷಣ ನನ್ನ ಕೈಗೆ ಕೊಡು.

ಇದು ಸಾಲದು ಅಂತ ಹೆಡ್‌ಮಾಸ್ಟರ್ ಬಂದು ನಿಂತರು. ಕೆಳಗಿನ ಎರಡು ಸಾಲು ಕೂರಿಸಿದರೆ ಮಕ್ಕಳು ಕೈ ತೊಳೆಯುವ ನಲ್ಲಿಗಳಿಗೆ ಅಡ್ಡ ಬರುತ್ತವಂತೆ. "ಅವನ್ನ ಬಿಟ್ಟುಬಿಡಿ ಮೇಡಂ. ಹೇಗಿದ್ರೂ ಮುಖ್ಯ ಪಟ್ಟಿಯಿಂದ ಹೊರಗಿರೋ ಸಾಲುಗಳಲ್ವಾ?" ಅಂದರು. ಹೊರಗಂತೆ!

ಮೂರು ಟೈಲು ಹೊಸದಾಗಿ ಮಾಡಿ ಕಳಿಸು. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಭಟ್ಟಿಯ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಅತ್ತೆಗೆ ಕಾಲುನೋವು ಹೇಗಿದೆ?

ನಿನ್ನ ತಂಗಿ


ಜೂನ್ 19

ಪಟಾಕಿ,

ಆ ಮಹಾನುಭಾವ ನಾನೇ. ಕೈಗೆ ಸಿಗುತ್ತೇನೆ, ಬಂದು ತೆಗೆದುಕೋ.

ನಿನ್ನ ಹಾಳೆ ನೋಡಿದೆ. ಯುರೇನಿಯಂ ಎಲ್ಲೋ ಪಾತಾಳದಲ್ಲಿತ್ತು. ಆತುರದಲ್ಲಿ ನೀನೇ ತಪ್ಪಿರಬೇಕು ಅಂದುಕೊಂಡೆ. ಯಾಕೆಂದರೆ ಅಪ್ಪನ ಚಾರ್ಟಿನಲ್ಲಿ ಅದು ಟಂಗ್‌ಸ್ಟನ್ ಕೆಳಗೇ ಇತ್ತು. ಶಾಲೆಯ ಲ್ಯಾಬಿನಲ್ಲಿ ಹಳೆಯದಾಯಿತು ಅಂತ ಎಸೆಯಲು ಇಟ್ಟಿದ್ದನ್ನು, ಅಟೆಂಡರ್ ಆಗಿದ್ದ ಅಪ್ಪ ಸುತ್ತಿಕೊಂಡು ಮನೆಗೆ ತಂದರು. ನಮ್ಮಿಬ್ಬರ ಮಂಚದ ಮೇಲೆ ಅಂಟಿಸಿದರು. ನೀನು ಅದರಲ್ಲೇ ಅಕ್ಷರ ಕಲಿತದ್ದು. ಜ್ವರ ಬಂದು ಮಲಗಿದಾಗೆಲ್ಲ ನಾನು ಅದನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿದರೂ ಕಾಣುತ್ತದೆ, ಕ್ರೋಮಿಯಂ, ಅದರ ಕೆಳಗೆ ಮಾಲಿಬ್ಡಿನಂ, ಅದರ ಕೆಳಗೆ ಟಂಗ್‌ಸ್ಟನ್, ತಳದಲ್ಲಿ ಯುರೇನಿಯಂ. ಹಾಗಾಗಿ ತಿದ್ದಿದೆ. ನಾನು ಹೇಳಿದೆ, ಅತ್ತೆ ಗೀರಿದರು. ಎಲ್ಲವನ್ನೂ ನೆಲದ ಮೇಲೆ ಹರಡಿ ತಾಳೆ ನೋಡಲು ಇಲ್ಲಿ ಜಾಗವಿರಲಿಲ್ಲ. ಇದ್ದಿದ್ದರೆ ಇಬ್ಬರಿಗೆ ಒಂದೇ ಜಾಗ ಹೋದದ್ದು ಆಗಲೇ ಗೊತ್ತಾಗುತ್ತಿತ್ತು.

ಅಂದರೆ ಅಪ್ಪನದೇ ತಪ್ಪಾ? ನೀನು ದೊಡ್ಡ ಓದು ಓದಿದವಳು, ನನ್ನ ತಲೆಗೂ ಹೋಗುವ ಹಾಗೆ ಒಂದು ವಿಷಯ ಹೇಳು. ಯಾರು ಯಾವ ಬಳಗ ಅಂತ ತೀರ್ಮಾನ ಮಾಡುವುದು ಹೇಗೆ? ಅಷ್ಟು ವರ್ಷ ಒಂದು ಕಡೆ ಕೂತಿದ್ದನ್ನು ಎಬ್ಬಿಸಿ ಕಳಿಸಬಹುದಾ? ಸುಮ್ಮನೆ ಕೇಳುತ್ತಿಲ್ಲ, ನಿಜವಾಗಿ ಬೇಕು.

ಮೂರು ಟೈಲು ಮಾಡುತ್ತೇನೆ. ಸಾಸಿವೆ ಬಣ್ಣದ ಮೆರುಗು ಕಲೆಸಬೇಕು, ಸ್ವಲ್ಪ ತಡ ಆಗುತ್ತದೆ. ಎಲ್ಲರೂ ಚೆನ್ನಾಗಿದ್ದಾರೆ.

ಅಣ್ಣ


ಜೂನ್ 26

ಅಣ್ಣ,

ಅಪ್ಪನದು ತಪ್ಪಲ್ಲ. ಆ ಚಾರ್ಟು ಅಚ್ಚಾದ ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೇ ತಿಳಿದಿದ್ದರು. ತಪ್ಪು ಗೊತ್ತಾದ ಮೇಲೂ ಅದನ್ನೇ ಹಿಡಿದು ಕೂರುವವರ ಮೇಲೆ ಮಾತ್ರ ನನಗೆ ಸಿಟ್ಟು.

ಕೇಳಿದೆಯಲ್ಲ, ಹೇಳುತ್ತೇನೆ. ಟಂಗ್‌ಸ್ಟನ್ ಬೇರೆ ಮೂಲವಸ್ತುಗಳ ಜೊತೆ ಸೇರುವಾಗ ಆರು ಕೈ ಚಾಚಬಲ್ಲದು. ಯುರೇನಿಯಮ್ಮೂ ಆರು ಕೈ ಚಾಚುತ್ತದೆ. ನಡೆನುಡಿ ಒಂದೇ ಥರ ಕಂಡಿತು, ಅದರ ಬಳಗ ಅಂತ ಕೂರಿಸಿಬಿಟ್ಟರು. ದಶಕಗಟ್ಟಲೆ ಅಲ್ಲೇ ಕೂತಿತು. ಯಾರಿಗೂ ಅನುಮಾನ ಬರಲಿಲ್ಲ. ಯುರೇನಿಯಮ್ಮಿನ ಆಚೆಗಿನ ಹೊಸ ಮೂಲವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ಮಾಡಿದಾಗ ಬಣ್ಣ ಬಯಲಾಯಿತು. ತೊಂಬತ್ಮೂರು, ತೊಂಬತ್ನಾಲ್ಕು ಯಾವುದೂ ತಾನು ಕೂತ ಕಂಬಸಾಲಿನವರ, ಅಂದರೆ ತನ್ನ ನೇರ ಮೇಲಿದ್ದವರ, ಹಾಗೆ ನಡೆದುಕೊಳ್ಳಲಿಲ್ಲ. ಆಕ್ಟಿನಿಯಮ್ಮಿನಿಂದ ಶುರುವಾಗುವ ಬೇರೆಯದೇ ಒಂದು ಬಳಗ ಅದು, ಯುರೇನಿಯಂ ಅಲ್ಲಿಯದು ಅಂತ ಆಗ ತಿಳಿಯಿತು. ತಿಳಿದ ಮೇಲೆ ಮುಲಾಜು ನೋಡಲಿಲ್ಲ, ಎಬ್ಬಿಸಿ ಕಳಿಸಿದರು.

ಇದನ್ನೇ ನಾನು ಹೆಡ್‌ಮಾಸ್ಟರಿಗೂ ಹೇಳಿದೆ, ನಿನಗೂ ಹೇಳುತ್ತೇನೆ, ಬರೆದಿಟ್ಟುಕೋ. ಎಷ್ಟೇ ವರ್ಷ ಜೊತೆಗೆ ಕೂತಿರಲಿ, ಕೂತ ಮಾತ್ರಕ್ಕೆ ಯಾರೂ ಆ ಬಳಗದವರಾಗುವುದಿಲ್ಲ. ಹುಟ್ಟಿದ ಸಾಲು ಯಾವುದೋ ಅಲ್ಲಿಗೆ ಕಳಿಸಬೇಕು. ಅದರಲ್ಲಿ ದಾಕ್ಷಿಣ್ಯ ಕೂಡದು.

ಅವರು ಏನಂದರು ಗೊತ್ತಾ? "ನೀವು ಇಷ್ಟು ಬಿಸಿಯಾಗೋದಾದ್ರೆ ಅದನ್ನ ಗೋಡೆ ಮೇಲೆ ಹಾಕೋದೇ ಬೇಡ ಮೇಡಂ." ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನು ಟೈಲುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಸಿ ಲ್ಯಾಬಿಗೆ ಬೀಗ ಹಾಕಿಕೊಂಡು ಬಂದೆ. ಎರಡು ಸಾಲು ಹೊರಗಿಟ್ಟು ಉಳಿದವರನ್ನು ಕೂರಿಸುವ ಗೋಡೆ ನನಗೆ ಬೇಡ.

ಇರಲಿ. ನಿನ್ನ ಕಾಗದದ ಕೊನೆಯಲ್ಲಿ ಅತ್ತೆಯ ಸಾಲು ಯಾಕಿಲ್ಲ? "ಹೊತ್ತಿಗೆ ಸರಿಯಾಗಿ ಉಣ್ಣು" ಅಂತ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಯದೆ ಅವರು ಲಕೋಟೆ ಅಂಟಿಸಲು ಬಿಟ್ಟವರೇ ಅಲ್ಲ. ನಾನು ಫೋನ್ ಮಾಡಲಿಲ್ಲ ಅಂತ ಮುನಿಸಾ? ಮುನಿಸಾದರೆ ಅದನ್ನೇ ಬರೆಯಲಿ.

ನಿನ್ನ ತಂಗಿ


ಜುಲೈ 9

ತಂಗಿ,

ನಿನ್ನ ಕಾಗದ ಬಂದದ್ದು ಒಳ್ಳೆಯದೇ ಆಯಿತು. ಎರಡು ತಿಂಗಳಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇದ್ದೆ. ಈಗ ಹೇಳುತ್ತೇನೆ.

ಹೋದ ಸಲದ ಕಾಗದವನ್ನು ಅತ್ತೆಗೆ ತೋರಿಸದೆ ಅಂಟಿಸಿದ್ದೆ. ಈಗ ಅತ್ತೆ ಇಲ್ಲಿಲ್ಲ. ಅವರ ಅಕ್ಕನ ಮಗ, ಬಸ್ ಡ್ರೈವರ್, ಮೇ ತಿಂಗಳಲ್ಲಿ ಹುಡುಕಿಕೊಂಡು ಬಂದಿದ್ದ. ಅತ್ತೆಗೆ ಹೀಗೊಬ್ಬ ಇದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ. "ಚಿಕ್ಕಮ್ಮ ನಮ್ಮೋರು, ನಾವು ನೋಡ್ಕೋತೀವಿ" ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಮತ್ತೆ ಎರಡು ಸಲ ಬಂದ.

ಯೋಚನೆ ಮಾಡು. ಅವರು ನಮಗೆ ಅತ್ತೆ ಅಂತ ಕರೆಯುವುದಕ್ಕೆ ಅತ್ತೆ. ಅಪ್ಪನಿಗೆ ತಂಗಿಯಲ್ಲ, ದೂರದ ಸಂಬಂಧವೂ ಅಲ್ಲ. ಅಪ್ಪನ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು, ಪಕ್ಕದ ಕೋಣೆಯಲ್ಲಿದ್ದವರು. ಅಮ್ಮ ಆಸ್ಪತ್ರೆಗೆ ಸೇರಿದಾಗ ನಮಗೆರಡು ತುತ್ತು ಹಾಕಲು ಬಂದವರು, ಅಮ್ಮ ಮನೆಗೆ ಬರಲಿಲ್ಲ, ಅವರು ಹೋಗಲಿಲ್ಲ. ನಾಳೆ ಅವರಿಗೆ ಹೆಚ್ಚು ಕಡಿಮೆ ಆದರೆ "ನೀವ್ಯಾರು?" ಅಂತ ಯಾರಾದರೂ ಕೇಳಿದರೆ ನಾನೇನು ಹೇಳಲಿ? ಇಲ್ಲಿ ಜಾಗವೂ ಇಕ್ಕಟ್ಟು.

ಆಗ ನಿನ್ನ ಕಾಗದ ಬಂತು. ಓದಿದೆ. ಕೂತ ಮಾತ್ರಕ್ಕೆ ಯಾರೂ ಆ ಬಳಗದವರಾಗುವುದಿಲ್ಲ, ಹುಟ್ಟಿದ ಸಾಲಿಗೆ ಕಳಿಸಬೇಕು, ದಾಕ್ಷಿಣ್ಯ ಕೂಡದು. ನನ್ನ ಮನಸ್ಸಿನಲ್ಲಿ ಗುದ್ದಾಡುತ್ತಿದ್ದುದಕ್ಕೆ ನೀನೇ ಉತ್ತರ ಬರೆದ ಹಾಗಿತ್ತು. ಬಾಯಲ್ಲಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ, ಹಾಗಾಗಿ ಆ ಸಾಲುಗಳನ್ನೇ ಅತ್ತೆಗೆ ಓದಿ ಹೇಳಿದೆ. ಅವರು "ಇನ್ನೊಂದು ಸಲ ಓದು" ಅಂದರು. ಓದಿದೆ. ಆಮೇಲೆ ಎದ್ದು ಬಟ್ಟೆ ಮಡಚಿಟ್ಟುಕೊಂಡರು. ಎರಡನೆಯ ತಾರೀಕು ಬಸ್ಸು ಹತ್ತಿದರು. ಅಳಲಿಲ್ಲ.

ಸಾಸಿವೆ ಬಣ್ಣದ ಮೂರು ಟೈಲು ಇದರ ಜೊತೆ ಕಳಿಸಿದ್ದೇನೆ. ಬೆನ್ನ ಮೇಲೆ ನಾನೇ ಗೀರಿದ್ದು, ಅಕ್ಷರ ಕೆಟ್ಟದಾಗಿದೆ.

ಅಣ್ಣ


ಜುಲೈ 14

ಅಣ್ಣ ಅಂತ ಬರೆಯಲು ಕೈ ಬರುತ್ತಿಲ್ಲ.

ನನ್ನ ಅಕ್ಷರ, ನನ್ನ ಹೆಸರು, ನಿನ್ನ ಬಾಯಿ. ಎಂಥ ಕೆಲಸ ಮಾಡಿದೆ! ನಾನು ಬರೆದದ್ದು ಒಂದು ಲೋಹದ ಬಗ್ಗೆ. ಅದಕ್ಕೆ ಕಿವಿ ಇಲ್ಲ, ಕಾಲುನೋವಿಲ್ಲ. ಅದು ನನ್ನ ತಲೆ ಬಾಚಿ ಎರಡು ಜಡೆ ಹಾಕಿ ಶಾಲೆಗೆ ಕಳಿಸಿರಲಿಲ್ಲ. ನಿನಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಪಕ್ಕದಲ್ಲಿ ಕೂತದ್ದು ಯಾರು? ಆ ಚಾರ್ಟಾ? ಚಾರ್ಟು ಕಣ್ಣು ಮುಚ್ಚಿದರೂ ಕಾಣುತ್ತದಂತೆ, ಪಕ್ಕದಲ್ಲಿ ಕೂತವರು ಕಣ್ಣು ಬಿಟ್ಟರೂ ಕಾಣುವುದಿಲ್ಲ!

ಅವರು ನನ್ನ ಬಾಯಿಂದಲೇ ಬಂತು ಅಂದುಕೊಂಡು ಹೋಗಿದ್ದಾರೆ. ನಿದ್ದೆ ಇಲ್ಲ, ಪಾಠ ಮಾಡಲು ಆಗುತ್ತಿಲ್ಲ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೇನೆ.

ಆ ಡ್ರೈವರ್ ಇಷ್ಟು ವರ್ಷ ಎಲ್ಲಿದ್ದ? ಈಗ ಯಾಕೆ ಚಿಕ್ಕಮ್ಮ ನೆನಪಾದಳು? ನಿನ್ನ ಹೆಂಡತಿಗೆ ಫೋನ್ ಮಾಡಿ ಕೇಳಿದೆ. ಅತ್ತಿಗೆ ನಿನ್ನ ಹಾಗೆ ಮುಚ್ಚಿಡಲಿಲ್ಲ. ಅವನಿಗೆ ಅವಳಿ ಮಕ್ಕಳು ಹುಟ್ಟಿವೆಯಂತೆ. ಬಿಟ್ಟಿ ಆಯಾ ಬೇಕಾಗಿತ್ತು, ಸಿಕ್ಕಳು! ನೀನು ಕೈ ತೊಳೆದುಕೊಂಡೆ, ಅವನು ಕೈ ತುಂಬಿಕೊಂಡ.

ಇನ್ನು ನಿನ್ನ ರಸಾಯನಶಾಸ್ತ್ರ. ಅರ್ಧ ಕೇಳಿ ಓಡಿದವನೇ, ಉಳಿದರ್ಧ ಕೇಳು. ಯುರೇನಿಯಂ ಆಕ್ಟಿನೈಡ್ ಬಳಗ ಅಂತ ಹೇಗೆ ಗೊತ್ತು? ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಪದರಪದರವಾಗಿರುತ್ತವೆ. ಟಂಗ್‌ಸ್ಟನ್ ಇರುವ ಕಡೆ, ಸಾಲಿನಲ್ಲಿ ಮುಂದೆ ಹೋದ ಹಾಗೆ ಹೊಸದಾಗಿ ಬಂದ ಎಲೆಕ್ಟ್ರಾನು ಹೊರಪದರದ ಹತ್ತಿರವೇ ಎಲ್ಲೋ ಕೂರುತ್ತದೆ. ಆಕ್ಟಿನೈಡುಗಳಲ್ಲಿ ಹಾಗಲ್ಲ, ಹೊಸಬರು ಹೆಚ್ಚಾಗಿ ಇನ್ನೂ ಒಳಗಿನ ಪದರಕ್ಕೆ ಹೋಗಿ ನೆಲೆಯಾಗುತ್ತಾರೆ. ಯುರೇನಿಯಮ್ಮಿನ ಆ ಒಳಪದರದಲ್ಲಿ ಮೂರು ಇವೆ. ಹೊರಗಿನಿಂದ ನೋಡಿದವರಿಗೆ ಅವು ಕಾಣುವುದಿಲ್ಲ, ಅದಕ್ಕೇ ಅಷ್ಟು ದಿನ ಮೋಸ ಹೋದದ್ದು. ಹೊರಗಿನ ಲಕ್ಷಣ ನೋಡಿ ಬಳಗ ಕಟ್ಟಿದ್ದೇ ತಪ್ಪು, ಯಾರು ಎಷ್ಟು ಒಳಗೆ ನೆಲೆಯಾಗಿದ್ದಾರೆ ಅನ್ನುವುದೇ ಲೆಕ್ಕ. ಅತ್ತೆ ನಮ್ಮ ಮನೆಯಲ್ಲಿ ಯಾವ ಪದರದಲ್ಲಿದ್ದರು? ಹೇಳು ನೋಡೋಣ.

ಇನ್ನೊಂದು. ಆ ಎರಡು ಸಾಲುಗಳನ್ನು ಕೆಳಗೆ ಬೇರೆಯಾಗಿ ಬರೆಯುವುದು ಅವು ಹೊರಗಿನವು ಅಂತಲ್ಲ. ಹಾಳೆಯ ಅಗಲ ಸಾಲದು ಅಂತ. ಅಷ್ಟೇ. ಜಾಗ ಇಕ್ಕಟ್ಟು ಅಂತ ಬರೆದೆಯಲ್ಲ, ಹೆಡ್‌ಮಾಸ್ಟರಿಗೂ ನಿನಗೂ ಏನು ವ್ಯತ್ಯಾಸ?

ಹೋಗಿ ಕರೆದುಕೊಂಡು ಬಾ. ಬರುವವರೆಗೆ ನನಗೆ ಕಾಗದ ಬರೆಯಬೇಡ.


ಜುಲೈ 23

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಯಾವಾಗಲೂ ನೀನು ಬೈಯುವುದು, ನಾನು ತಲೆ ತಗ್ಗಿಸುವುದು. ಈ ಸಲ ನೀನು ಕೇಳು.

ಜಾಗ ಇಕ್ಕಟ್ಟು ಅಂದಾಗ ನಿನಗೆ ಅಷ್ಟು ಉರಿಯಿತಲ್ಲ, ಆ ಜಾಗವನ್ನು ತುಂಬಿದ್ದು ಯಾರು ಗೊತ್ತಾ? ನೀನು. ನೂರಹದಿನೆಂಟು ಟೈಲು, ಒಡೆದರೆ ಇರಲಿ ಅಂತ ಅಷ್ಟೇ ಹೆಚ್ಚುವರಿ. ಗಾಳಿಗೆ ಸೊಟ್ಟ ಆಗದ ಹಾಗೆ ನೆರಳಲ್ಲಿ ಮಟ್ಟವಾಗಿ ಒಣಗಬೇಕು. ಕಾರ್ಖಾನೆಯಲ್ಲಿ ಹೋಟೆಲಿನವರ ಕೆಲಸ ತುಂಬಿಕೊಂಡಿತ್ತು. "ಬೇಗ ಬೇಕು, ಬೇಗ ಬೇಕು" ಅಂತ ವಾರಕ್ಕೊಂದು ಕಾಗದ ಹಾಕಿದವಳು ನೀನು. ಅತ್ತೆಯೇ "ನನ್ನ ಕೋಣೇಲಿ ಇಡು, ಅವಳ ಶಾಲೆಗಲ್ವಾ" ಅಂದರು. ಗೋಡೆಯಿಂದ ಗೋಡೆಗೆ ಹಲಗೆ ಕಟ್ಟಿದೆ, ಕಿಟಕಿ ಮುಚ್ಚಿದೆ. ಅವರ ಮಂಚ ಹೊರಗೆ, ಪ್ಯಾಕಿಂಗ್ ಮಾಡುವ ಕಡೆ ಹೋಯಿತು. ಹುಲ್ಲಿನ ಧೂಳಿನಲ್ಲಿ ಮಲಗಿ ಕೆಮ್ಮು ಹತ್ತಿತು. ನಿನ್ನ ಯುರೇನಿಯಂ ಅತ್ತೆಯ ಕೋಣೆಯಲ್ಲಿ ಒಣಗಿದ್ದು, ತಾಯಿ! ಟೈಲು ಹೋದ ಮೇಲೆ ಹೋಟೆಲಿನವರದು ಬಂತು. ಕೋಣೆ ಮತ್ತೆ ಖಾಲಿ ಆಗಲೇ ಇಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಪೂರ್ತಿ ನನ್ನ ತಲೆಗೇ ಕಟ್ಟಬೇಡ.

ಒಳಪದರ ಅಂತ ಬರೆದೆಯಲ್ಲ. ನೀನು ಆ ಶಾಲೆಗೆ ಸೇರಿದ ಈ ಆರು ವರ್ಷದಲ್ಲಿ ಅತ್ತೆ ನಿನ್ನಲ್ಲಿಗೆ ಎಷ್ಟು ಸಲ ಬಂದರು? ಒಂದು ಸಲ. ಕ್ವಾರ್ಟರ್ಸ್ ಚಿಕ್ಕದು ಅಂತ ನಾಲ್ಕನೆಯ ದಿನ ನೀನೇ ಬಸ್ಸು ಹತ್ತಿಸಿದೆ. ಯುರೇನಿಯಂ ಪರವಾಗಿ ಬೀಗ ಹಾಕಿಕೊಂಡು ಸತ್ಯಾಗ್ರಹ ಮಾಡುವವಳು, ಅತ್ತೆಯ ಕೆಮ್ಮು ಹೇಗಿದೆ ಅಂತ ಕೇಳಿದ್ದೆಯಾ? ಕಾಲುನೋವು ಕೇಳಿದೆ. ಅದು ವಾಸಿಯಾಗಿ ಎರಡು ವರ್ಷ ಆಯಿತು.

ಹೋಗಿ ಕರೆದುಕೊಂಡು ಬಾ ಅನ್ನುತ್ತೀಯ. ಯಾವ ಮುಖ ಹೊತ್ತುಕೊಂಡು ಹೋಗಲಿ? ನಿನ್ನ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಟೀ ಹೊತ್ತಿಗೆ ಅತ್ತೆ ಒಡೆದ ಟೈಲಿನ ಮೇಲೆ ಚಮಚದಿಂದ ಠಣ್ ಠಣ್ ಅಂತ ಬಡಿಯುತ್ತಿದ್ದರು, ಶಾಲೆಯ ಗಂಟೆಯ ಅಭ್ಯಾಸ. ಈಗ ಕೆಲಸದವರು ಟೀ ಹೊತ್ತು ಮರೆತು ಕೂರುತ್ತಾರೆ. ನಾನೂ ಮರೆಯುತ್ತೇನೆ.

ಅಣ್ಣ


ಆಗಸ್ಟ್ 20

ಅಣ್ಣ,

ನಿನ್ನ ಕಾಗದ ಓದಿ ಚೂರು ಚೂರು ಮಾಡಿದೆ. ಆಮೇಲೆ ಚೂರುಗಳನ್ನು ಜೋಡಿಸಿ ಇನ್ನೊಂದು ಸಲ ಓದಿದೆ. ನಾಲ್ಕನೆಯ ದಿನ ಬಸ್ಸು ಹತ್ತಿಸಿದ್ದು ನಿಜ. ಅದಕ್ಕೇ ತಕ್ಷಣ ಬರೆಯಲಿಲ್ಲ.

ಹೋದ ವಾರ ನಾನೇ ಅತ್ತೆಯ ಹತ್ತಿರ ಹೋಗಿದ್ದೆ. ಆ ಡ್ರೈವರನ ಚಳಿ ಬಿಡಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಹೋದೆ. ಮೂರನೆಯ ಮಹಡಿ, ಮೆಟ್ಟಿಲ ಕಂಬಿಯ ಮೇಲೆಲ್ಲ ಒದ್ದೆ ಬಟ್ಟೆ. ಬಾಗಿಲು ತೆಗೆದರೆ ಅವನೇ, ಯೂನಿಫಾರ್ಮ್ ಪ್ಯಾಂಟು ಮಡಚಿಕೊಂಡು, ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡು ಮಕ್ಕಳ ಬಟ್ಟೆ ಒಗೆಯುತ್ತಿದ್ದ. ಹೆರಿಗೆಯಾದಾಗಿನಿಂದ ಹೆಂಡತಿ ಹಾಸಿಗೆ ಬಿಟ್ಟು ಎದ್ದಿಲ್ಲ. ನನ್ನನ್ನು ನೋಡಿ "ಟೀಚರಮ್ಮ ಅಲ್ವಾ? ಚಿಕ್ಕಮ್ಮ ದಿನಾ ಹೇಳ್ತಾರೆ" ಅಂದ. ಮಸೆದ ಮಾತನ್ನೆಲ್ಲ ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ.

ಅತ್ತೆ ಹೆಗಲ ಮೇಲೊಂದು ಮಗು, ಮಡಿಲಲ್ಲೊಂದು ಮಗು ಹಾಕಿಕೊಂಡು ಕೂತಿದ್ದರು. ಬಾ ಅನ್ನಲಿಲ್ಲ.

"ಕೈ ತೊಳ್ಕೊಂಡು ಇವನನ್ನ ಎತ್ಕೋ."

ಎತ್ತಿಕೊಂಡೆ. ಅಷ್ಟರಲ್ಲಿ ಶುರುವಾಯಿತು.

"ಹುಟ್ಟಿದ ಸಾಲಿಗೆ ಕಳಿಸಬೇಕು ಅಂತ ಬರೆದ್ಯಂತೆ?"

"ಅತ್ತೆ, ಅದು ಯುರೇನಿಯಂ ವಿಷಯಕ್ಕೆ..."

"ಗೊತ್ತು ಕಣೇ. ಅದರ ಬೆನ್ನ ಮೇಲೆ ಗೀರಿದವಳು ನಾನು, ನನಗೆ ಹೇಳಿಕೊಡ್ತೀಯಾ? ನೀನು ನನ್ನ ಬಗ್ಗೆ ಬರೀಲಿಲ್ಲ ಅಂತ ಓದಿದ ಕೂಡಲೇ ಗೊತ್ತಾಯ್ತು. ನಿಮ್ಮಣ್ಣಂಗೆ ಬಾಯಿಲ್ಲ ಅಂತಾನೂ ಗೊತ್ತಾಯ್ತು. ಅವನು ಅಷ್ಟು ಕಷ್ಟಪಟ್ಟು ಓದೋದು ನೋಡಕ್ಕಾಗದೆ ಎದ್ದು ಬಂದೆ."

ನಾನು ಖುಷಿಯಾಗಿ "ಹಾಗಾದ್ರೆ ಹೊರಡಿ, ನೀವು ನಮ್ಮೋರು" ಅಂದುಬಿಟ್ಟೆ. ಅಣ್ಣ, ಅವರ ಮುಖ ನೀನು ನೋಡಬೇಕಿತ್ತು. ಮಲಗಿದ್ದ ಮಗು ಬೆಚ್ಚಿ ಎದ್ದಿತು, ಆ ಥರ ಗದರಿದರು.

"ಮತ್ತೆ ಅದೇ! ಇವನು ಬಂದು ನಮ್ಮೋರು ಅಂದ. ನಿಮ್ಮಣ್ಣ ನಮ್ಮೋರಲ್ಲ ಅಂದ. ಈಗ ನೀನು ಬಂದು ನಮ್ಮೋರು ಅಂತೀಯ. ಅಲ್ಲಿಂದ ಎತ್ತಿ ಇಲ್ಲಿಡೋದು, ಇಲ್ಲಿಂದ ಎತ್ತಿ ಅಲ್ಲಿಡೋದು. ನಾನೇನು ಟೈಲಾ? ನಿಮ್ಮಲ್ಲಿ ಒಬ್ಬರಾದ್ರೂ, ಅತ್ತೆ, ನಿಮಗೆಲ್ಲಿರಬೇಕು ಅನ್ಸತ್ತೆ ಅಂತ ಕೇಳಿದ್ರಾ? ಎರಡು ಕಡೆಯಿಂದ ಕಾಗದ ಹಾರಿಸಿಕೊಂಡು ಜಗಳ ಆಡಿದ್ದೇ ಆಡಿದ್ದು. ಒಂದು ಕಾಗದ ನನಗೆ ಹಾಕಿದ್ರೆ ನಾನು ಓದ್ತಿರಲಿಲ್ವಾ?"

ಇಷ್ಟು ದಿನ ಹೆಡ್‌ಮಾಸ್ಟರ ಮೇಲೆ, ನಿನ್ನ ಮೇಲೆ ಉರಿದುಬಿದ್ದೆನಲ್ಲ, ಅದೆಲ್ಲ ನನ್ನ ಮೇಲೇ ತಿರುಗಿತು. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಕೇಳಿದೆ. ನಿಜವಾಗಿ ಕೇಳಿದೆ.

"ನಿಮಗೆಲ್ಲಿರಬೇಕು ಅನ್ಸತ್ತೆ ಅತ್ತೆ?"

"ಈ ಹುಡುಗಿ ಎದ್ದು ಓಡಾಡೋವರೆಗೂ ಇಲ್ಲಿರ್ತೀನಿ. ಇವನು ಕರೆದ ಅಂತಲ್ಲ, ಈ ಮಕ್ಕಳನ್ನ ನೋಡಿದೆ, ಬಿಟ್ಟು ಬರಕ್ಕೆ ಮನಸ್ಸಾಗಲಿಲ್ಲ. ನಿಮ್ಮಿಬ್ಬರನ್ನ ನೋಡಿದಾಗಲೂ ಹಾಗೇ ಆಗಿದ್ದು. ಆಮೇಲೆ ನನ್ನ ಕೋಣೆಗೆ ಬರ್ತೀನಿ. ಕೋಣೆ ಅಂದ್ರೆ ಕೋಣೆ, ಗೋಡೌನ್ ಅಲ್ಲ. ಕಿಟಕಿ ತೆಗೆದಿರಬೇಕು. ಬಾಗಿಲಿಗೆ ಒಳಗಡೆಯಿಂದ ಚಿಲಕ ಬೇಕು. ಇಷ್ಟು ವರ್ಷ ಆ ಬಾಗಿಲಿಗೆ ಹೊರಗಡೆ ಮಾತ್ರ ಚಿಲಕ ಇತ್ತು, ನಿಮ್ಮಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ."

ಬಿದ್ದಿತ್ತಾ ಅಣ್ಣ ನಿನ್ನ ಕಣ್ಣಿಗೆ? ನನಗೆ ಬಿದ್ದಿರಲಿಲ್ಲ.

ಈಗ ಗೋಡೆಯ ಸಮಾಚಾರ. ವಾಪಸ್ಸು ಬಂದ ಮಾರನೆಯ ದಿನವೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ನಲ್ಲಿಯ ಮೇಲಿನ ಗೋಡೆ ನನಗೆ ಬೇಡ, ಕಾರಿಡಾರಿನ ಉದ್ದ ಗೋಡೆ ಕೊಡಿ ಅಂದೆ. "ಅಲ್ಲಿ ಹಳೇ ಹೆಡ್‌ಮಾಸ್ಟರುಗಳ ಫೋಟೋ ಇವೆ ಮೇಡಂ" ಅಂದರು. "ಅವರನ್ನ ಒಂದಡಿ ಮೇಲಕ್ಕೆ ಏರಿಸಿ, ನನಗೆ ಏಳೇ ಸಾಲು ಸಾಕು" ಅಂದೆ. ನನ್ನ ಮುಖದಲ್ಲಿ ಅದೇನು ಕಂಡಿತೋ, ತಾವೇ ಏಣಿ ತರಿಸಿದರು.

ಅಗಲ ಇದ್ದರೆ ಕೆಳಗಿನ ಎರಡು ಸಾಲನ್ನು ಕೆಳಗಿಡಬೇಕಾಗಿಯೇ ಇಲ್ಲ. ಆರನೆಯ ಸಾಲನ್ನೂ ಏಳನೆಯ ಸಾಲನ್ನೂ ಬಿಡಿಸಿ, ಅವುಗಳನ್ನು ಒಳಗೆ, ಅವುಗಳದೇ ಜಾಗದಲ್ಲಿ ಕೂರಿಸಬಹುದು. ಮೇಸ್ತ್ರಿ ಟೈಲುಗಳ ಬೆನ್ನ ಮೇಲಿನ ಗೀರುಗಳನ್ನು ಸೀಮೆಸುಣ್ಣದಿಂದ ತಿದ್ದುತ್ತಾ ಬಂದ. ಎಡಗಡೆಯ ಎರಡು ಕಂಬಸಾಲು ಬಿಟ್ಟರೆ ಮಿಕ್ಕವರೆಲ್ಲ ಬಲಕ್ಕೆ ದೂರ ಸರಿದರು. ಟಂಗ್‌ಸ್ಟನ್ ಎಲ್ಲೋ ಹೋಯಿತು. ನೀನು ಹೊಸದಾಗಿ ಕಳಿಸಿದ ಸಾಸಿವೆ ಬಣ್ಣದ ಯುರೇನಿಯಂ ಹಿಡಿದು ನಾನು ಎಣಿಸಿದೆ. ಫ್ರಾನ್ಸಿಯಂ, ರೇಡಿಯಂ, ಆಕ್ಟಿನಿಯಂ, ಥೋರಿಯಂ, ಪ್ರೊಟಾಕ್ಟಿನಿಯಂ, ಯುರೇನಿಯಂ.

ಏಳನೆಯ ಸಾಲು, ಆರನೆಯ ಜಾಗ.

ಮೇಸ್ತ್ರಿ ಪೆಟ್ಟಿಗೆಯಿಂದ ಆ ನೀಲಿ ಟೈಲನ್ನು ತೆಗೆದು ಬೆನ್ನು ತಿರುಗಿಸಿ ತೋರಿಸಿದ. ಅತ್ತೆಯ ದಪ್ಪ ಅಕ್ಷರ. "ಟೀಚರ್, ಇದನ್ನ ತಿದ್ದಬೇಕಾಗಿಲ್ಲ" ಅಂದ. ಬಣ್ಣ ಬೇರೆ ಆಗಬೇಕಿತ್ತು, ನಿಜ. ಜಾಗ ಸರಿಯಾಗಿಯೇ ಇತ್ತು ಅಣ್ಣ. ನಮ್ಮ ಗೋಡೆ ಚಿಕ್ಕದಾಗಿತ್ತು. ಮೇಸ್ತ್ರಿಯ ಮುಂದೆಯೇ ಅತ್ತುಬಿಟ್ಟೆ. ಅವನು ಪಾಪ, ಸಿಮೆಂಟು ಕಣ್ಣಿಗೆ ಹೋಯಿತು ಅಂದುಕೊಂಡು ನೀರು ತರಲು ಓಡಿದ.

ನೀಲಿ ಟೈಲನ್ನು ನಿನಗೆ ಕಳಿಸುತ್ತಿದ್ದೇನೆ. ಅತ್ತೆಯ ಬಾಗಿಲ ಪಕ್ಕ ಕೂರಿಸು. ಬೇಡ, ಅವರನ್ನು ಕೇಳಿ ಕೂರಿಸು.

ನಿನ್ನ ತಂಗಿ


ಅಕ್ಟೋಬರ್ 8

ಪಟಾಕಿ,

ಹೋಟೆಲಿನವರ ಟೈಲು ಅವರಿಗೇ ಸಾಗಿಸಿದೆ. ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಯ ಕೀಲು ತುಕ್ಕು ಹಿಡಿದಿತ್ತು, ಬದಲಾಯಿಸಿದೆ. ಚಿಲಕ ನಾನೇ ಹಾಕಿದೆ, ಒಳಗಡೆ. ಹೊರಗಡೆಯದನ್ನು ಕಿತ್ತೆ.

ಆಮೇಲೆ ಅತ್ತೆಗೆ ಕಾಗದ ಹಾಕಿದೆ. ಅವರಿಗೆ ನಾನು ಬರೆದ ಮೊದಲನೇ ಕಾಗದ. ಇಪ್ಪತ್ತು ಸಲ ಹರಿದು ಬರೆದೆ. ಕೊನೆಗೆ ಒಂದೇ ಸಾಲು ಉಳಿಯಿತು, "ಅತ್ತೆ, ನಿಮಗೆ ಬರಬೇಕು ಅನ್ನಿಸಿದಾಗ ಹೇಳಿ, ನಾನು ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ." ಮೊನ್ನೆ ಬಂದರು. ಆ ಡ್ರೈವರೇ ತನ್ನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದ. ಅವನ ಹೆಂಡತಿ ಎದ್ದು ಓಡಾಡುತ್ತಿದ್ದಾಳಂತೆ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿಬರುತ್ತಾರಂತೆ, ನಮ್ಮ ಅಪ್ಪಣೆ ಕೇಳಲಿಲ್ಲ. ಇವತ್ತು ಟೀ ಹೊತ್ತಿಗೆ ಠಣ್ ಠಣ್ ಕೇಳಿ ಕೆಲಸದವರೆಲ್ಲ ಒಟ್ಟಿಗೆ ಎದ್ದರು. ನಿನ್ನ ಅತ್ತಿಗೆ ನನ್ನ ಜೊತೆ ಮಾತು ಶುರು ಮಾಡಿದ್ದಾಳೆ, ಸದ್ಯಕ್ಕೆ ಬೈಗುಳ ಮಾತ್ರ.

ಬಾಗಿಲ ಪಕ್ಕ ಟೈಲು ಕೂರಿಸಲಾ ಅಂತ ಕೇಳಿದೆ. "ನನ್ನ ಬೆನ್ನ ಮೇಲೆ ಗೀರೋದು ಸಾಕು" ಅಂದರು. ಈಗ ಅದು ಅವರ ನೀರಿನ ಚೊಂಬಿನ ಮುಚ್ಚಳ. ಸರಿಯಾಗಿ ಕೂರುತ್ತದೆ.

ಉಳಿದ ಜಾಗ ಅತ್ತೆಯದು. ಲಕೋಟೆ ಅಂಟಿಸಲು ಬಿಡುತ್ತಿಲ್ಲ.

ಅಣ್ಣ

ಹೊತ್ತಿಗೆ ಸರಿಯಾಗಿ ಉಣ್ಣು. ಚಿಲಕ ಹಾಕಿ ನೋಡಿದೆ, ಗಟ್ಟಿಯಾಗಿದೆ. ಇನ್ನು ಮೇಲೆ ಇಬ್ಬರೂ ಬಾಗಿಲು ತಟ್ಟಿ ಒಳಗೆ ಬನ್ನಿ.